ಹೊತ್ತು ತೋರುವ ಸ್ವರ

ರಾಗಕ್ಕೂ ಹೊತ್ತಿಗೂ ಇರುವ ನಂಟು ಹಳೆಯದು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ರಾಗಗಳಿಗೆ ಋತುವನ್ನೂ ಹೊತ್ತನ್ನೂ ಹೇಳಿದ್ದಾನೆ. 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ಬರೆದ ವಿಜಯನಗರದ ರಾಮಾಮಾತ್ಯನೂ ಈ ಸಂಪ್ರದಾಯವನ್ನು ಬಿಡಲಿಲ್ಲ. ಆದರೆ ಹಿಂದುಸ್ತಾನಿ ರಾಗಗಳ ಸ್ವರಕ್ಕೂ ಹೊತ್ತಿಗೂ ಇರುವ ಸಂಬಂಧವನ್ನು ಸೂತ್ರರೂಪಕ್ಕೆ ತಂದವರು ವಿಷ್ಣು ನಾರಾಯಣ ಭಾತಖಂಡೆಯವರು (1860–1936).

ಅವರು ಮಧ್ಯಮವನ್ನು ‘ಅಧ್ವದರ್ಶಕ ಸ್ವರ’ವೆಂದರು, ಅಧ್ವವೆಂದರೆ ದಾರಿ. ಬೆಳಗಿನ ಭೈರವವನ್ನೂ ಸಂಜೆಯ ಪೂರಿಯಾ ಧನಾಶ್ರೀಯನ್ನೂ ಹೋಲಿಸಿ ನೋಡಿರಿ. ಎರಡರಲ್ಲಿಯೂ ರಿಷಭ ಧೈವತಗಳು ಕೋಮಲ, ಗಾಂಧಾರ ನಿಷಾದಗಳು ಶುದ್ಧ. ಭೈರವದ ಮಧ್ಯಮ ಶುದ್ಧ, ಇನ್ನೊಂದರದು ತೀವ್ರ. ಸ್ವರಗಳಲ್ಲಿ ಅಂತರವಿಷ್ಟೇ, ಆದರೆ ಉದಯವು ಅಸ್ತವಾಗುತ್ತದೆ! ನಮ್ಮ ಮಕ್ಕಳು ಸರಳೆ ಹಾಡುವ ಮಾಯಾಮಾಳವಗೌಳದ ಮಧ್ಯಮವನ್ನು ಏರಿಸಿದರೆ ಕಾಮವರ್ಧಿನಿಯಾಗುವುದೂ ಹೀಗೆಯೇ.

ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಹೊತ್ತಿನ ಕಟ್ಟು ಈಗ ಸಡಿಲ. ಹಿಂದುಸ್ತಾನಿಯಲ್ಲಿ ಅದು ಬಿಗಿ. ಅದರಿಂದ ಒಂದು ತೊಡಕೂ ಉಂಟು. ಕಚೇರಿಗಳು ಹೆಚ್ಚಾಗಿ ಸಂಜೆಗೇ ನಿಂತಮೇಲೆ ಬೆಳಗಿನ ತೋಡಿಗೂ ನಡುಹಗಲಿನ ಸಾರಂಗಕ್ಕೂ ವೇದಿಕೆ ವಿರಳವಾಯಿತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಹೊತ್ತೂ ನುಡಿದ ಬಾನುಲಿಯಲ್ಲಿ ಅವಕ್ಕೆ ತಮ್ಮ ವೇಳೆ ದೊರೆಯಿತು.

ಹೊತ್ತು ಸ್ವರದಲ್ಲಿದೆಯೋ, ನಮ್ಮ ರೂಢಿಯಲ್ಲಿದೆಯೋ? ಸ್ವರ ಬೀಜ, ಅದಕ್ಕೆ ನೀರೆರೆದದ್ದು ತಲೆಮಾರುಗಳ ಕಿವಿ. ಆಯಾ ಹೊತ್ತಿಗೆ ಕೇಳುವವರಿಲ್ಲದಿದ್ದರೆ ಈ ನಂಟು ಗ್ರಂಥದಲ್ಲಿ ಉಳಿದೀತು, ಮನೆಯಲ್ಲಿ ಉಳಿಯಲಾರದು. ನಾಳೆ ಬೆಳಿಗ್ಗೆ ಭೈರವ ಕೇಳಿಬಂದರೆ ಮಧ್ಯಮದ ಕಡೆ ಕಿವಿಗೊಡಿರಿ.