ಖುಲಾಸೆ: ಅರ್ಥ ಮತ್ತು ಬಳಕೆ

ಕ್ರಿಮಿನಲ್ ಪ್ರಕರಣದ ವಿಚಾರಣೆ ನಡೆಸಿದ ನ್ಯಾಯಾಲಯವು ಆರೋಪಿ ತಪ್ಪಿತಸ್ಥನಲ್ಲವೆಂದು ತೀರ್ಪು ನೀಡುವುದೇ ಖುಲಾಸೆ. ಪದದ ಮೂಲ ಅರಬ್ಬಿ ಭಾಷೆ. ಹಿಂದಿಯಲ್ಲಿ 'ಖುಲಾಸಾ' ಎಂದರೆ ವಿವರಣೆ ಅಥವಾ ಬಹಿರಂಗಪಡಿಸುವಿಕೆ. ಕನ್ನಡದಲ್ಲಿ ಮಾತ್ರ ಅದು ಆರೋಪದಿಂದ ಮುಕ್ತಿ ಎಂಬ ಅರ್ಥದಲ್ಲಿ ನೆಲೆಗೊಂಡಿದೆ.

ಖುಲಾಸೆಯನ್ನು ಇನ್ನೆರಡು ಸಂಗತಿಗಳಿಂದ ಬೇರ್ಪಡಿಸಿ ನೋಡಬೇಕು. ಜಾಮೀನಿನ ಮೇಲೆ ಹೊರಬಂದವನಿಗೆ ದೊರೆತದ್ದು ತಾತ್ಕಾಲಿಕ ಬಿಡುಗಡೆಯಷ್ಟೇ. ಮೊಕದ್ದಮೆ ಹಾಗೆಯೇ ಇರುತ್ತದೆ. ಇನ್ನು, ವಿಚಾರಣೆಗೆ ಸಾಕಷ್ಟು ಆಧಾರವಿಲ್ಲವೆಂದು ದೋಷಾರೋಪ ಹೊರಿಸುವ ಮೊದಲೇ ಆರೋಪಿಯನ್ನು ಪ್ರಕರಣದಿಂದ ಕೈಬಿಡುವುದೂ ಉಂಟು. ಇದು ಖುಲಾಸೆಯಲ್ಲ. ಮುಂದೆ ಹೊಸ ಸಾಕ್ಷ್ಯ ದೊರೆತರೆ ಅಂಥವನ ವಿರುದ್ಧ ಮತ್ತೆ ಕ್ರಮ ಜರುಗಿಸಲು ಅವಕಾಶವಿದೆ. ಖುಲಾಸೆಯ ತೀರ್ಪು ಜಾರಿಯಲ್ಲಿರುವವರೆಗೆ ಅದೇ ಅಪರಾಧಕ್ಕಾಗಿ ಮತ್ತೊಮ್ಮೆ ವಿಚಾರಣೆ ನಡೆಸುವಂತಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಂನಲ್ಲಿದ್ದ ಈ ರಕ್ಷಣೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಂನಲ್ಲಿ ಮುಂದುವರಿದಿದೆ.

ಆದರೆ ಖುಲಾಸೆಯೇ ಅಂತಿಮವಲ್ಲ. ಸರ್ಕಾರ ಮೇಲ್ಮನವಿ ಸಲ್ಲಿಸಬಹುದು. 2009ರ ಕೊನೆಯಿಂದ ಸಂತ್ರಸ್ತರಿಗೂ ಆ ಹಕ್ಕಿದೆ. ಆದರೂ ಮೇಲಿನ ನ್ಯಾಯಾಲಯ ಎಚ್ಚರಿಕೆಯಿಂದ ನಡೆಯಬೇಕು. ಕರ್ನಾಟಕದ ಪ್ರಕರಣವೊಂದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ಸ್ಪಷ್ಟಪಡಿಸಿತು. ಅಪರಾಧ ಸಾಬೀತಾಗುವವರೆಗೆ ಪ್ರತಿಯೊಬ್ಬನೂ ನಿರ್ದೋಷಿಯೆಂಬ ಭಾವನೆ ಮೊದಲೇ ಇರುತ್ತದೆ. ಖುಲಾಸೆಯಿಂದ ಅದು ಇನ್ನಷ್ಟು ಬಲಗೊಳ್ಳುತ್ತದೆ. ಸಾಕ್ಷ್ಯದಿಂದ ಎರಡು ನಿರ್ಣಯಗಳು ಸಮಂಜಸವಾಗಿ ಸಾಧ್ಯವಿದ್ದರೆ ಖುಲಾಸೆಯ ತೀರ್ಪನ್ನು ಕದಲಿಸಬಾರದು.

'ಸಂಶಯದ ಲಾಭ ನೀಡಿ ಖುಲಾಸೆ' ಎಂಬ ಮಾತು ಓದುಗರಿಗೆ ಪರಿಚಿತ. ಪ್ರಾಸಿಕ್ಯೂಷನ್ ತನ್ನ ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಲಿಲ್ಲ ಎಂಬುದು ಇದರ ಅರ್ಥ. ಇಂಥ ಖುಲಾಸೆಯನ್ನು ಅರೆಬರೆ ಎಂದು ಭಾವಿಸುವವರಿದ್ದಾರೆ. ಶಿಕ್ಷೆಯ ಮಟ್ಟಿಗೆ ಕಾನೂನು ಅಂಥ ಭೇದವೆಣಿಸುವುದಿಲ್ಲ. 'ಗೌರವಾನ್ವಿತ ಖುಲಾಸೆ' ಎಂಬ ಪದ ದಂಡ ಪ್ರಕ್ರಿಯಾ ಸಂಹಿತೆಯಲ್ಲಾಗಲಿ ದಂಡ ಸಂಹಿತೆಯಲ್ಲಾಗಲಿ ಇಲ್ಲ, ಅದು ನ್ಯಾಯಾಲಯಗಳ ತೀರ್ಪುಗಳಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು.

ಭೇದ ಕಾಣಿಸಿಕೊಳ್ಳುವುದು ನೌಕರಿಯಲ್ಲಿ. ಇಲಾಖಾ ವಿಚಾರಣೆಗೆ ಅಷ್ಟು ಬಿಗಿಯಾದ ಪುರಾವೆ ಬೇಕಿಲ್ಲ. ಹೀಗಾಗಿ ನ್ಯಾಯಾಲಯದಲ್ಲಿ ಖುಲಾಸೆಗೊಂಡ ಸರ್ಕಾರಿ ನೌಕರ, ವಜಾಗೊಂಡಿದ್ದರೆ, ಅಷ್ಟರಿಂದಲೇ ಹುದ್ದೆಗೆ ಮರಳುವ ಹಕ್ಕು ಪಡೆಯುವುದಿಲ್ಲ. ಪೊಲೀಸ್ ನೇಮಕಾತಿಯಂಥ ಸಂದರ್ಭಗಳಲ್ಲಿಯೂ ತೀರ್ಪಿನ ಕೊನೆಯ ಸಾಲಿನ ಜತೆಗೆ ಅದರ ಕಾರಣಗಳನ್ನೂ ಪರಿಶೀಲಿಸಲಾಗುತ್ತದೆ. ಖುಲಾಸೆಗೊಂಡವರು ತೀರ್ಪಿನ ಪೂರ್ಣ ಪ್ರತಿಯನ್ನು ಪಡೆದು ಜೋಪಾನವಾಗಿಡುವುದು ಒಳಿತು.