ಅಟ್ಟಿದರೂ ಹೋಗದ, ಕರೆದರೂ ಬಾರದ ಕಾಗೆ

ಮಾಡಿನ ಮೇಲೆ ಕುಳಿತು ಕೂಗಿದರೆ ಮನೆಗೆ ನೆಂಟರು. ತಲೆಗೆ ಬಡಿದರೆ ಕೇಡು. ಶ್ರಾದ್ಧದ ಎಡೆ ಮುಟ್ಟದಿದ್ದರೆ ಗತಿಸಿದವರಿಗೆ ಏನೋ ಆಸೆ ಉಳಿದಿದೆ. ಕಾಗೆಯ ಬಗ್ಗೆ ಜನಪದರ ನಂಬಿಕೆಗಳು ಹೀಗೆ ಒಂದಕ್ಕೊಂದು ಎದುರುಬದುರು. ಅದರ ಹೆಸರಿನ ಚರಿತ್ರೆಯಲ್ಲೂ ಇದೇ ಇಬ್ಬಂದಿತನ ಕಾಣುತ್ತದೆ.

ಕನ್ನಡದ ಕಾಗೆ ತೆಲುಗಿನಲ್ಲಿ ಕಾಕಿ, ತಮಿಳಿನಲ್ಲಿ ಕಾಕ್ಕೈ, ಮಲಯಾಳದಲ್ಲಿ ಕಾಕ್ಕ, ತುಳುವಿನಲ್ಲಿ ಕಕ್ಕೆ, ಸಂಸ್ಕೃತದಲ್ಲಿ ಕಾಕ. ಹಕ್ಕಿಯ ಕೂಗೇ ಅದರ ಹೆಸರಾಯಿತು ಎನ್ನಲು ಪಾಂಡಿತ್ಯವೇನೂ ಬೇಕಿಲ್ಲ. ಆದರೂ ಇದರ ಬಗ್ಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ವಾದ ನಡೆದಿತ್ತು. ಪದಗಳ ಮೂಲವನ್ನು ಶೋಧಿಸಿದ ‘ನಿರುಕ್ತ’ದಲ್ಲಿ ಯಾಸ್ಕ, ಕಾಕ ಎಂಬುದು ಧ್ವನಿಯ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಸಾಮಾನ್ಯ ಎನ್ನುತ್ತಾನೆ. ಔಪಮನ್ಯವ ಎಂಬ ಪಂಡಿತ ಇದನ್ನು ಒಪ್ಪಲಿಲ್ಲ ಎಂದೂ ಅಲ್ಲಿಯೇ ದಾಖಲಿಸಿದ್ದಾನೆ. ಔಪಮನ್ಯವನ ಪ್ರಕಾರ ಕಾಕ ಎಂದರೆ ‘ಅಟ್ಟಿ ಓಡಿಸಬೇಕಾದದ್ದು’!

ಅಮರಕೋಶ ಕಾಗೆಗೆ ಹತ್ತು ಹೆಸರುಗಳನ್ನು ಕೊಡುತ್ತದೆ. ತನ್ನ ಹೆಸರನ್ನು ತಾನೇ ಸಾರುವುದರಿಂದ ಆತ್ಮಘೋಷ, ಬಲಿಯ ಅನ್ನದಿಂದ ಬೆಳೆಯುವುದರಿಂದ ಬಲಿಪುಷ್ಟ, ಬೇರೆಯವರ ಮರಿಯನ್ನು ಸಾಕುವುದರಿಂದ ಪರಭೃತ್. ಕೋಗಿಲೆಗೆ ಪರಭೃತ, ಅಂದರೆ ಪರರಿಂದ ಸಾಕಲ್ಪಟ್ಟದ್ದು ಎಂದು ಹೆಸರು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಸಂಗತಿಯನ್ನು ಹಿಂದಿನವರು ಒಂದಕ್ಷರದ ವ್ಯತ್ಯಾಸದಲ್ಲಿ ಹೇಳಿಬಿಟ್ಟಿದ್ದಾರೆ.

ರಾಮಾಯಣದ ಕಾಕಾಸುರ ಸೀತೆಯನ್ನು ಪೀಡಿಸಿ, ರಾಮನು ಮಂತ್ರಿಸಿ ಬಿಟ್ಟ ಹುಲ್ಲುಕಡ್ಡಿಗೆ ಒಂದು ಕಣ್ಣು ತೆತ್ತ. ಕಾಗೆಗೆ ಇರುವುದು ಒಂದೇ ಕಣ್ಣುಗುಡ್ಡೆ, ಅದೇ ಎರಡೂ ಕಡೆ ಹೊರಳುತ್ತದೆ ಎಂಬ ನಂಬಿಕೆಯಿಂದ ‘ಕಾಕಾಕ್ಷಿಗೋಲಕ ನ್ಯಾಯ’ ಹುಟ್ಟಿತು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದು ‘ಕಾಕತಾಳೀಯ’. ಕನ್ನಡದ ಆಡುಮಾತಿನಲ್ಲಂತೂ ಸುಳ್ಳು ಹೇಳುವುದು ಕಾಗೆ ಹಾರಿಸುವುದು, ಸೊಟ್ಟ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಹೊಳೆದರೂ ಬೆಲೆ ಬಾಳದ ಅಭ್ರಕ ಕಾಗೆಬಂಗಾರ. ಕಾಗಕ್ಕ–ಗುಬ್ಬಕ್ಕನ ಕಥೆಯಲ್ಲಿ ಮಳೆಗೆ ಮನೆ ಕಳೆದುಕೊಳ್ಳುವವಳೂ ಕಾಗಕ್ಕನೇ.

ಹೆಸರು ನೋಡಿ ನೆಂಟಸ್ತಿಕೆ ಹೇಳುವಂತಿಲ್ಲ. ನೀರುಕಾಗೆ ಕಾಗೆಯ ಕುಲದ್ದಲ್ಲ. ಇಂಗ್ಲಿಷಿನವರು ಅದನ್ನು ಕರೆಯುವ ಕಾರ್ಮೊರಂಟ್ ಎಂಬ ಪದದ ಮೂಲವೂ ಲ್ಯಾಟಿನ್ನಿನ ‘ಕಡಲ ಕಾಗೆ’ ಎಂಬುದು ಸೋಜಿಗ. ಕಾಗೆಯ ನಿಜವಾದ ದಾಯಾದಿ ಉದ್ದ ಬಾಲದ, ಇಟ್ಟಿಗೆ ಬಣ್ಣದ ಮಟಪಕ್ಷಿ. ಊರಿನ ಬೂದುಕತ್ತಿನ ಕಾಗೆಗೆ ಫ್ರೆಂಚ್ ಪಕ್ಷಿತಜ್ಞ ವಿಯೆಯೋ 1817ರಲ್ಲಿ ಕೊಟ್ಟ ಹೆಸರು ಕಾರ್ವಸ್ ಸ್ಪ್ಲೆಂಡೆನ್ಸ್; ಕಡೆಯ ಪದದ ಅರ್ಥ ‘ಹೊಳೆಯುವ’ ಎಂದು. ಕಾಗೆಯನ್ನು ಮೆಚ್ಚಿ ಇಟ್ಟ ಹೆಸರು ಇದು.

ಸ್ವತಂತ್ರ ಭಾರತದ ಕಾನೂನು ಮಾತ್ರ ಔಪಮನ್ಯವನ ಪಕ್ಷ ವಹಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿ ಕಾಗೆಯನ್ನು ಇಲಿ, ಹಣ್ಣುತಿನ್ನುವ ಬಾವಲಿಗಳ ಜೊತೆ ಉಪದ್ರವಿ ಎಂದು ಹೆಸರಿಸಿತ್ತು. ಈ ಒಂದು ಹೆಸರಿನಿಂದಾಗಿ ಅದನ್ನು ಕೊಲ್ಲಲು ಯಾರ ಅನುಮತಿಯೂ ಬೇಕಿರಲಿಲ್ಲ. ಐವತ್ತು ವರ್ಷಗಳ ನಂತರ, 2022ರ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟಿತು.

ಸತ್ತ ಹಿರಿಯರನ್ನು ಇದೇ ಹಕ್ಕಿಯ ರೂಪದಲ್ಲಿ ಕಾಣುವ ನಾಡಿನಲ್ಲಿ ಇಷ್ಟು ಕಾಲ ಈ ವಿರೋಧಾಭಾಸ ಯಾರಿಗೂ ಅಷ್ಟಾಗಿ ತೋರಲಿಲ್ಲ. ದಿನವೂ ಹುಶ್ ಎಂದು ಅಟ್ಟುವವರೇ ಪಿತೃಪಕ್ಷದಲ್ಲಿ ಎಡೆ ಹಿಡಿದು ಮಾಳಿಗೆ ಹತ್ತಿ ‘ಕಾ ಕಾ’ ಎಂದು ಕರೆಯುತ್ತಾರೆ. ಕರೆಯುವುದು ಅದರದೇ ದನಿಯಲ್ಲಿ. ಯಾಸ್ಕನ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.