ಕಾಟಾದ ಅಂಕಿ, ಕರ್ನಲ್‌ನ ಕಡತ

ಕಬ್ಬಿನ ಹಂಗಾಮು ಶುರುವಾದರೆ ಕೊಗನೊಳ್ಳಿ, ನಿಪ್ಪಾಣಿ ಕಡೆ ಎಲ್ಲರ ಬಾಯಲ್ಲೂ 'ಕಾಟಾ'ದ, ಅಂದರೆ ಗಾಡಿ ತೂಗುವ ವೇಬ್ರಿಜ್ಜಿನ ಮಾತೇ. ಟ್ರ್ಯಾಕ್ಟರ್ ತುಂಬಿ ಬಂದಾಗೊಮ್ಮೆ, ಖಾಲಿಯಾಗಿ ಹೊರಟಾಗೊಮ್ಮೆ ಕಾಟಾದ ಮೇಲೆ ನಿಲ್ಲುತ್ತದೆ. ಎರಡರ ವ್ಯತ್ಯಾಸಕ್ಕೆ ರೈತನ ದುಡ್ಡು. ಕೆಳಗೆ ಭಾರ ಹಿಡಿಯುವ ಲೋಡ್ ಸೆಲ್ ಕೊಡುವುದು ಕೆಲವೇ ಮಿಲಿವೋಲ್ಟ್. ಇಂಡಿಕೇಟರ್ ಡಬ್ಬಿ ಅದನ್ನು ಕಿಲೋಗೆ ತಿರುಗಿಸಿ, ಸೀರಿಯಲ್ ಕೇಬಲ್ಲಿನಲ್ಲಿ ಅಕ್ಷರಗಳ ಸಾಲಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಅಷ್ಟೇ ಕಾಣುವುದು. ಅದು ಕಿಲೋವೋ ಕ್ವಿಂಟಲ್ಲೋ, ಗಾಡಿ ಇನ್ನೂ ಅಲುಗಾಡುತ್ತಿದೆಯೋ, ಅದಕ್ಕೆ ಗೊತ್ತಿಲ್ಲ. ಕಿಟಕಿಯಲ್ಲಿ ಹಣಕುವ ರೈತ "ಅಂಕಿ ನಿಂದರ್ಲಿ ತಡೀರಿ" ಎನ್ನುವುದು ಸುಮ್ಮನೆ ಅಲ್ಲ.

ಸೆನ್ಸರ್ ಓದುವ ವಿಧಾನಗಳ ಐದು ದಶಕದ ಚರಿತ್ರೆಯೆಲ್ಲ ಈ 'ಗೊತ್ತಿಲ್ಲ'ದ ಜೊತೆಗಿನ ಗುದ್ದಾಟವೇ.

1970ರ ದಶಕದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಸಾಧನವನ್ನೂ ಕಡತವೆಂದೇ ಬಗೆಯಿತು: ತೆರೆ, ಓದು, ಮುಚ್ಚು. ಈ ಅಚ್ಚಿಗೆ ಕೂಡದ್ದಕ್ಕೆಲ್ಲ 1979ರ ಏಳನೇ ಆವೃತ್ತಿ ಐಒಸಿಟಿಎಲ್ ಎಂಬ ಹಿಂಬಾಗಿಲು ಇಟ್ಟಿತು. ಆಮೇಲೆ ಸಾಧನ ನಡೆಸುವ ಒಂದೊಂದು ಡ್ರೈವರ್ ಸಾಫ್ಟ್‌ವೇರಿಗೆ ಒಂದೊಂದು ಗುಟ್ಟಿನ ಸಂಖ್ಯೆ. ಲಿನಕ್ಸ್‌ನಲ್ಲಿ ಶಿಸ್ತು ಬಂದದ್ದು 2003ರ ಕೊನೆಯಲ್ಲಿ, 2.6 ಆವೃತ್ತಿಯ ಸಿಸ್‌ಎಫ್‌ಎಸ್‌ನಿಂದ: ಒಂದು ಕಡತಕ್ಕೆ ಒಂದೇ ಬೆಲೆ. ಅಲ್ಲಿನ ಉಷ್ಣತೆಯ ಕಡತ ತೆರೆದರೆ 43000 ಎಂದಿರುತ್ತದೆ. ಅಂದರೆ 43 ಡಿಗ್ರಿ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ದಶಮಾಂಶದ ಲೆಕ್ಕ ಮಾಡುವುದಿಲ್ಲ, ಹಾಗಾಗಿ ಸಾವಿರದಿಂದ ಗುಣಿಸಿಟ್ಟಿದ್ದಾರೆ. ಫ್ಯಾನು, ಪ್ರೊಸೆಸರಿಗೆ ಇದು ಸಾಕಿತ್ತು. ಬೇರೆ ಸೆನ್ಸರ್‌ಗಳಿಗೆ ಮನೆಯಿರಲಿಲ್ಲ. 2005ರಲ್ಲಿ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಅಲುಗಾಟ ಹಿಡಿಯುವ ಸೆನ್ಸರನ್ನು ಜಾಯ್‌ಸ್ಟಿಕ್‌ನ ಸಾಲಿಗೆ ಸೇರಿಸಿದ್ದರು!

ನನಗೆ ಹೆಚ್ಚು ಮೆಚ್ಚುಗೆಯಾದದ್ದು 2009ರಲ್ಲಿ ಜೋನಾಥನ್ ಕ್ಯಾಮರಾನ್ ಲಿನಕ್ಸ್‌ಗೆ ತಂದ ಇಂಡಸ್ಟ್ರಿಯಲ್ ಐಒ ಎಂಬ ಸೆನ್ಸರ್ ವ್ಯವಸ್ಥೆ. ಅದು ಹಸಿ ಅಂಕಿಯನ್ನು ಒಂದು ಕಡತದಲ್ಲಿ, ಕೂಡಿಸಬೇಕಾದ ಆಫ್‌ಸೆಟ್ಟನ್ನು ಇನ್ನೊಂದರಲ್ಲಿ, ಗುಣಿಸಬೇಕಾದ ಸ್ಕೇಲನ್ನು ಮತ್ತೊಂದರಲ್ಲಿ ಇಡುತ್ತದೆ. ಕಾಟಾ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಏನೂ ನಿಲ್ಲದಾಗ ಸೊನ್ನೆಗೆ ತರುವುದು ಆಫ್‌ಸೆಟ್, ಮುದ್ರೆಯ ತೂಕದ ಕಲ್ಲಿಟ್ಟು ಹೊಂದಿಸುವುದು ಸ್ಕೇಲ್. ಲೆಕ್ಕ ತಪ್ಪಿದರೆ ಹಸಿ ಅಂಕಿಯಿಂದ ಮತ್ತೆ ಹಾಕಬಹುದು. ವೇಗದ ಸೆನ್ಸರ್‌ಗಳಿಗೆ ಅಂಕಿಯ ಜೊತೆಗೇ ಸಮಯದ ಗುರುತನ್ನೂ ತುಂಬಿಡುವ ಬಫರ್ ಬೇರೆ ಇದೆ.

ಇದಕ್ಕೂ ಮೊದಲೇ ತೀರ ಬಡ ಯಂತ್ರಗಳಲ್ಲಿ ಬೇರೊಂದು ದಾರಿ ಮೂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ಸೇರಿ, ಮಳೆಯಾಶ್ರಿತ ರೈತರಿಗಾಗಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ 'ಕಾಮನ್‌ಸೆನ್ಸ್ ನೆಟ್' ಯೋಜನೆ ನಡೆಸಿದವು. ಮಣ್ಣಿನ ತೇವ ಓದುವ ಆ ಮೈಕಾ2 ಡಬ್ಬಿಗಳಿಗೆ ಇದ್ದದ್ದು 4 ಕಿಲೋಬೈಟ್ ನೆನಪು, ಬ್ಯಾಟರಿ. ಅವುಗಳ ಮೇಲೆ ಬರ್ಕ್ಲಿಯಲ್ಲಿ ಹುಟ್ಟಿದ ಟೈನಿಓಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ಇಲ್ಲಿ 'ಓದು' ಎಂದರೆ ಉತ್ತರಕ್ಕೆ ಕಾಯುತ್ತ ನಿಲ್ಲುವುದಲ್ಲ. ಕೇಳಿ ಸುಮ್ಮನಾಗಬೇಕು, ಅಂಕಿ ಸಿದ್ಧವಾದಾಗ 'ಓದಾಯಿತು' ಎಂಬ ಕರೆ ಬರುತ್ತದೆ, ನಡುವೆ ಪ್ರೊಸೆಸರ್ ಮಲಗಬಹುದು.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ನಿಲ್ಲಿಸಿರುವ ಮಳೆಮಾಪಕಗಳಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಬಿಸಿಲಿನ ವಿದ್ಯುತ್ತಿನಲ್ಲಿ ನಡೆದು, 15 ನಿಮಿಷಕ್ಕೊಮ್ಮೆ ತಾವೇ ಮೊಬೈಲ್ ಜಾಲದಲ್ಲಿ ಅಂಕಿ ಕಳಿಸುತ್ತವೆ. ಆದರೆ 2019ರ ಆಗಸ್ಟ್‌ನಲ್ಲಿ ವೇದಗಂಗೆ ನದಿ ನಿಪ್ಪಾಣಿ ಹತ್ತಿರದ ಯಮಗರ್ಣಿ ಬಳಿ ಹೆದ್ದಾರಿಗೇ ನುಗ್ಗಿದಾಗ, ಆ ನೀರು ಬಹುಪಾಲು ರಾಜ್ಯದ ಗಡಿಯಾಚೆಯ ಘಟ್ಟದ ಮಳೆಯದು. ನಮ್ಮ ಮಾಪಕ ಗಡಿಗೇ ನಿಲ್ಲುತ್ತದೆ.

ಮೊಬೈಲಿನಲ್ಲಿ ಪ್ರಶ್ನೆ ಇನ್ನೊಂದು ತಿರುವು ಪಡೆಯಿತು: ಓದುವ ಹಕ್ಕು ಯಾರಿಗೆ? ಆಂಡ್ರಾಯ್ಡ್, ಫೋನು ತಿರುಗುವುದನ್ನು ಅಳೆಯುವ ಜೈರೊಸ್ಕೋಪನ್ನು ನಿರಪಾಯವೆಂದು ನಂಬಿ ಅನುಮತಿ ಕೇಳದೆ ಕೊಡುತ್ತಿತ್ತು. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದು ಹಿಡಿಯುವ ಸಣ್ಣ ಅಲುಗಾಟದಿಂದಲೇ ಪಕ್ಕದ ಮಾತಿನ ಸುಳಿವು ಹಿಡಿದು ತೋರಿಸಿದರು. ಆಂಡ್ರಾಯ್ಡ್ 12ರಿಂದ, ಸೆಕೆಂಡಿಗೆ 200 ಸಲಕ್ಕಿಂತ ಹೆಚ್ಚು ಓದಬೇಕಾದರೆ ಆ್ಯಪ್ ಅದನ್ನು ಮೊದಲೇ ಘೋಷಿಸಿರಬೇಕು.

ಕಾಟಾ ಕೋಣೆಗೆ ಇದ್ಯಾವುದರ ಗಾಳಿಯೂ ಸೋಕಿದಂತಿಲ್ಲ. ಇಂಡಿಕೇಟರ್ ಬದಲಿಸಿದರೆ ಸಾಫ್ಟ್‌ವೇರ್ ಮಾಡಿಕೊಟ್ಟವನನ್ನೂ ಕರೆಸಬೇಕು. ಹಳೆಯ ಡಬ್ಬಿ ಸಾಲಿಗೆ ಎಂಟು ಅಕ್ಷರ ಕಳಿಸುತ್ತಿದ್ದರೆ ಹೊಸದು ಹತ್ತು ಕಳಿಸುತ್ತದೆ. ಅವನು ಬರುವವರೆಗೆ ಟ್ರ್ಯಾಕ್ಟರ್‌ಗಳು ರಸ್ತೆಯವರೆಗೂ ಸಾಲಾಗಿ ನಿಂತಿರುತ್ತವೆ, ಕಬ್ಬು ಒಣಗುತ್ತಿರುತ್ತದೆ.